ಕೀಲಿಗೆ ಡ್ರೈವಿಂಗ್ ಕಲಿಸುತ್ತಾ

ಹೆಸರು ಕೀಲಿ. ಕಾರಿನ ಕೀಲಿ ಅವಳ ಕೈಗಿಡುವಾಗ
ವಾರಕ್ಕೊಮ್ಮೆ ನನಗೊಬ್ಬಳಿಗೇ ನಗು.
ಕ್ವೀನ್‌ಬಿಯನ್ನಿನ ಈ ಬೀದಿಯಲ್ಲಿ
ಆ ನಗುವಿಗೆ ಜೊತೆಯಿಲ್ಲ.

ಹದಿನೇಳು ವರ್ಷ. ಉಗುರಿಗೆ ಹಸಿರು ಬಣ್ಣ.
ಕನ್ನಡಿ ಸರಿ ಮಾಡಿದಳು, ಬೆಲ್ಟು ಬಿಗಿದಳು,
ಗೇರಿನ ಬುಡದಲ್ಲಿದ್ದ ನನ್ನ ಸಿಗರೇಟು ಪ್ಯಾಕನ್ನು
ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿದಳು.
ಪ್ಯಾಕಿನ ಮೇಲೆ ಯಾರದೋ ಕೊಳೆತ ಪಾದ.
"ಇನ್ನೂ ಇದನ್ನ ಸೇದ್ತೀರಾ? ಸತ್ತೋಗ್ತೀರಿ, ಗುಲಾಬಿ."
(ಅವಳ ಇಂಗ್ಲಿಷಿನಲ್ಲಿ ನೀನು, ನೀವು ಎರಡೂ ಒಂದೇ.
ಇಷ್ಟು ವಯಸ್ಸಾದ ಮೇಲೆ
ನಾನು ನೀವು ಎಂದೇ ಕೇಳಿಸಿಕೊಳ್ಳುತ್ತೇನೆ.)

ಕ್ಯಾನ್‌ಬೆರಾ ಅವೆನ್ಯೂ. ಎಂಬತ್ತರ ವೇಗ.
ಒಂದು ಬೋರ್ಡು ಹಿಂದೆ ಸರಿಯಿತು, ಅಷ್ಟೇ,
ಗಡಿ ದಾಟಿದೆವು.
ಈ ಕಡೆ ಹಿತ್ತಲಲ್ಲಿ ತಲೆಗೆರಡು ಗಾಂಜಾ ಗಿಡ ಇಟ್ಟುಕೊಳ್ಳಬಹುದು.
ಆ ಕಡೆ ಅದೇ ಗಿಡ ಅಪರಾಧ.
ಗಿಡಕ್ಕೆ ಇದನ್ನು ಯಾರೂ ಹೇಳಿಲ್ಲ.

"ನಮ್ಮ ಬ್ರೋಡಿ ಬೆಳೀತಾನೆ, ಟೊಮೇಟೊ ಪಕ್ಕದಲ್ಲೇ.
ನೀರು ಹಾಕೋದು ಮಾತ್ರ ಅಮ್ಮ."
ಕೊತ್ತಂಬರಿಯ ಸುದ್ದಿ ಹೇಳುವ ದನಿ.

ನಮ್ಮ ಕಡೆ ಭಂಗಿ ಅಂದರೆ ದನಿ ತಗ್ಗುತ್ತಿತ್ತು.
ಭಂಗಿ ಸೇದುವವನಿಗೆ ಹೆಣ್ಣು ಕೊಡುತ್ತಿರಲಿಲ್ಲ.
ಬೀಡಿ ಸೇದುವವನಿಗೆ ಕೊಡುತ್ತಿದ್ದರು.
ಬೀಡಿಯನ್ನೂ ಸೇದದವನಿಗೆ
ಒಳಗೆ ಏನೋ ಕಾಯಿಲೆ ಇರಬೇಕು ಅನ್ನುತ್ತಿದ್ದರು.

"ನೀನು?"
"ಶನಿವಾರ, ಯಾರಾದ್ರೂ ಕೊಟ್ರೆ.
ತಂಬಾಕು ಬೆರೆಸಿದ್ರೆ ಮುಟ್ಟಲ್ಲ. ಅದು ವಿಷ ಅಲ್ವಾ?"
ಅದರ ಹೊಗೆಯೂ ಹೊಗೆಯೇ ಎಂದೆ.
ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ.
ಸೊಪ್ಪೇನೋ ಅವರ ಮನೆಯಲ್ಲೇ ಇತ್ತು.

ಬೆಂಕಿಯಿಲ್ಲದೆ ಹೊಗೆಯಿಲ್ಲ ಎಂಬ ಗಾದೆಯೊಂದನ್ನು
ಊರಿಂದ ಸೆರಗಿಗೆ ಗಂಟು ಹಾಕಿ ತಂದಿದ್ದೆ.
ಶಾಲೆಯ ಗೇಟಿನ ಹತ್ತಿರ ಪುಟ್ಟ ಹುಡುಗನೊಬ್ಬ
ಅಂಗಿ ತೋಳಿನೊಳಗಿಂದ ಪೆನ್ನಿನಂಥದ್ದು ತೆಗೆದು
ಮಾವಿನಹಣ್ಣಿನ ವಾಸನೆಯ ಮೋಡ ಬಿಟ್ಟ.
ಹುಡುಕಿದೆ. ಬೆಂಕಿ ಎಲ್ಲೂ ಇರಲಿಲ್ಲ.

ನನ್ನ ಶಾಲೆಯ ಫೀಸು ಕಟ್ಟಿದ್ದು ಬೀಡಿ.
ಬಂಟ್ವಾಳದ ಜಗಲಿಯಲ್ಲಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು,
ಅಮ್ಮ ದಿನಕ್ಕೆ ಸಾವಿರ: ಎಲೆ ಕತ್ತರಿಸಿ, ಚಿಟಿಕೆ ಪುಡಿ,
ಸುರುಳಿ, ಬಾಯಿ ಮಡಚಿ, ನೂಲು.
ಇಪ್ಪತ್ತೈದಕ್ಕೊಂದು ಕಟ್ಟು.
ಬ್ರಾಂಚಿನವನು ಸರಿಯಿಲ್ಲವೆಂದು ಮುರಿದು ಎಸೆದದ್ದಕ್ಕೆ ಲೆಕ್ಕವಿಲ್ಲ.
ಜೀವಮಾನದಲ್ಲಿ ಒಂದನ್ನೂ ಅವಳು ಸೇದಲಿಲ್ಲ.
ಕೆಮ್ಮಿದ್ದು ಮಾತ್ರ ಅವಳೇ.

"ಬ್ರೋಡಿಗೂ ಕಲಿಸಲಾ?"
"ಅವನ ಲೈಸೆನ್ಸ್ ಹೋಯ್ತು."
ಹಿಂದಿನ ರಾತ್ರಿ ಸೇದಿದ್ದು, ಬೆಳಿಗ್ಗೆ ರಸ್ತೆಯಲ್ಲಿ
ಪೊಲೀಸರು ನಾಲಿಗೆ ಒರೆಸಿ ನೋಡಿದರಂತೆ.
ಹಿತ್ತಲಲ್ಲಿದ್ದರೆ ಸರಿ, ನಾಲಿಗೆಯಲ್ಲಿದ್ದರೆ ತಪ್ಪು.
"ಗಿಡ ಚೆನ್ನಾಗಿ ಬಂದಿದೆ," ಎಂದಳು ರಸ್ತೆಯನ್ನೇ ನೋಡುತ್ತ,
"ಅವನು ಮಧ್ಯಾಹ್ನದ ತನಕ ಏಳಲ್ಲ."

ರೌಂಡಬೌಟಿನಲ್ಲಿ ನಿಂತೇಬಿಟ್ಟಳು.
ಬಲಗಡೆಯಿಂದ ಯಾರೂ ಬರುತ್ತಿರಲಿಲ್ಲ.
ಹಿಂದಿನವನು ಹಾರ್ನ್ ಹೊಡೆದ, ಮತ್ತೊಮ್ಮೆ ಹೊಡೆದ.
ಕ್ಲಚ್ಚಿನ ಮೇಲೆ ನನ್ನ ಕಾಲೂ ಕಾದಿತ್ತು.
ಏನೂ ಹೇಳಲಿಲ್ಲ.

ಪಾಠ ಮುಗಿಯಲು ಹತ್ತು ನಿಮಿಷ.
ನನ್ನ ಕೋಟಿನ ವಾಸನೆಗೆ ನನಗೇ ನಾಚಿಕೆಯಾಗಿ
ಕಿಟಕಿ ಇಳಿಸಲು ಗುಂಡಿ ಒತ್ತಿದೆ.
"ಬೇಡ," ಎಂದಳು.
ಸಿಗರೇಟೆಂದರೆ ಮೂಗು ಮುಚ್ಚುವ ಹುಡುಗಿ.
"ನಮ್ಮಜ್ಜಿಯ ಕಾರು ಹೀಗೇ ನಾರ್ತಿತ್ತು.
ಜುಲೈಯಲ್ಲಿ ಮಾರಿಬಿಟ್ವಿ."

ಗಾಜು ಮೇಲೇರಿತು.
ಇಬ್ಬರೂ ಸ್ವಲ್ಪ ಹೊತ್ತು ಉಸಿರಾಡಿದೆವು.
ನನಗೆ ಬಂದ ವಾಸನೆ ಬೇರೆ,
ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಬೀಡಿಯೆಲೆಯದ್ದು.
ಹೇಳಿದ್ದರೆ ನಂಬುತ್ತಿದ್ದಳೇನೋ.

"ಎಡಕ್ಕೆ ತಗೋ," ಎಂದೆ. "ಇಂಡಿಕೇಟರ್ ಹಾಕಿಲ್ಲ ನೀನು."